ಕಾಲ ಕೆಳಗೆ ಗ್ಯಾಸ್, ಕೈಯಲ್ಲಿ ಬಿಲ್

ನಮ್ಮ ಕಡೆ ಗ್ಯಾಸ್ ಅಂದರೆ ಅಡುಗೆಮನೆ. ದರ ಏರಿದರೆ ಬೈಯುತ್ತೇವೆ, ಕೈ ಸ್ವಲ್ಪ ಬಿಗಿ ಹಿಡಿಯುತ್ತೇವೆ, ಹೇಗೋ ತಿಂಗಳು ದಾಟುತ್ತದೆ. ಕೆನಡಾದ ಉತ್ತರದ ಇನೂವಿಕ್ ಎಂಬ ಊರಲ್ಲಿ ಗ್ಯಾಸ್ ಅಂದರೆ ಮನೆಯ ಬಿಸಿ. ಅಲ್ಲಿ ಜನವರಿಯ ಸರಾಸರಿಯೇ ಮೈನಸ್ 26 ಡಿಗ್ರಿ ಆಸುಪಾಸು. ಮೈನಸ್ 40 ಬಂದರೆ ಯಾರೂ ಹುಬ್ಬೇರಿಸುವುದಿಲ್ಲ. ಅಂಥ ದಿನ ಮನೆ ಕಾಯಿಸುವ ಫರ್ನೆಸ್ ನಿಂತರೆ ಮನೆಯೊಳಗಿನ ನೀರಿನ ಪೈಪು ಹೆಪ್ಪುಗಟ್ಟಿ ಒಡೆಯುತ್ತದೆ. ಆಮೇಲೆ ಅದು ಮನೆಯಾಗಿ ಉಳಿಯುವುದಿಲ್ಲ. ಇಂಥ ಕಡೆ ಗ್ಯಾಸ್ ದರ ಏರಿದ್ದನ್ನು ಮಾಮೂಲಿ ಬೆಲೆಯೇರಿಕೆ ಅಂತ ನೋಡುವುದೇ ತಪ್ಪು ಅನ್ನುವುದು ನನ್ನ ಅಭಿಪ್ರಾಯ. ಸ್ವಲ್ಪ ಉದ್ದವಾಗುತ್ತದೆ, ಪುರುಸೊತ್ತಿದ್ದರೆ ಓದಿ.

ಇನೂವಿಕ್ ಇರುವುದು ಆರ್ಕ್ಟಿಕ್ ವೃತ್ತದಿಂದ ಸುಮಾರು 200 ಕಿ.ಮೀ. ಉತ್ತರಕ್ಕೆ, ಮೆಕೆಂಜಿ ನದಿ ಕವಲೊಡೆದು ಸಮುದ್ರದ ಕಡೆ ಹೋಗುವಲ್ಲಿ. ಜನ ಮೂರು ಸಾವಿರ ಚಿಲ್ಲರೆ. ಇನುವಿಯಾಲುಯಿಟ್ ಮತ್ತು ಗ್ವಿಚಿನ್ ಎಂಬ ಮೂಲನಿವಾಸಿ ಜನರ ನೆಲ ಅದು. ಡಿಸೆಂಬರ್ ಆರಂಭದಲ್ಲಿ ಮುಳುಗಿದ ಸೂರ್ಯ ಮತ್ತೆ ಮೇಲೇಳುವುದು ಜನವರಿಯಲ್ಲೇ. ನೆಲದಡಿ ವರ್ಷವಿಡೀ ಮಣ್ಣು ಹೆಪ್ಪುಗಟ್ಟಿರುತ್ತದೆ. ಮನೆಯ ಬಿಸಿಗೆ ಅದು ಕರಗಿದರೆ ಮನೆಯೇ ಕುಸಿಯುತ್ತದೆ. ಹಾಗಾಗಿ ಮನೆಗಳೆಲ್ಲ ಕಂಬಗಳ ಮೇಲೆ ನಿಂತಿವೆ. ನೀರಿನ ಪೈಪು, ಚರಂಡಿ ಪೈಪು ಎಲ್ಲ ನೆಲದ ಮೇಲೆ, ದಪ್ಪ ಹೊದಿಕೆಯ ಪೆಟ್ಟಿಗೆಗಳೊಳಗೆ ಮನೆಯಿಂದ ಮನೆಗೆ ಹಾದು ಹೋಗುತ್ತವೆ.

ಮೊದಲು ಈ ಊರು ಡೀಸೆಲ್ ಸುಡುತ್ತಿತ್ತು. 1999ರಲ್ಲಿ ಊರಿಂದ ಸುಮಾರು 50 ಕಿ.ಮೀ. ದೂರದ ಇಖಿಲ್ ಎಂಬಲ್ಲಿಂದ ನ್ಯಾಚುರಲ್ ಗ್ಯಾಸ್ ಪೈಪಿನಲ್ಲಿ ಬರತೊಡಗಿತು. ಊರಿಗೆ ಅದು ದೊಡ್ಡ ಸಂಭ್ರಮ. ಗ್ಯಾಸ್ ಹತ್ತಿರದ್ದು, ಹೊಗೆ ಕಡಿಮೆ, ಡೀಸೆಲ್‌ಗಿಂತ ಅಗ್ಗ. ಮನೆಗಳು, ಅಂಗಡಿಗಳು ಡೀಸೆಲ್ ಬಿಟ್ಟು ಗ್ಯಾಸಿಗೆ ಬದಲಾದವು. ಕರೆಂಟು ತಯಾರಿಸುವ ಘಟಕವೂ ಗ್ಯಾಸ್ ಉರಿಸತೊಡಗಿತು.

ಆದರೆ ಲೆಕ್ಕ ಹಾಕಿದ್ದಕ್ಕಿಂತ ಬೇಗ ಇಖಿಲ್‌ನ ಗ್ಯಾಸ್ ಬಾವಿಗೆ ನೀರು ನುಗ್ಗಿತು. 2012ರ ಹೊತ್ತಿಗೆ ಊರಿಗೆ ಸಾಕಾಗುವಷ್ಟು ಗ್ಯಾಸ್ ಇಲ್ಲ ಅನ್ನುವುದು ಖಚಿತವಾಯಿತು. ಪರಿಹಾರವಾಗಿ ಬಂದದ್ದು ಪ್ರೊಪೇನ್, ಟ್ಯಾಂಕಿನಲ್ಲಿ ದ್ರವವಾಗಿ ತುಂಬಿ ತರುವ ಇನ್ನೊಂದು ಬಗೆಯ ಗ್ಯಾಸ್. ಪ್ರೊಪೇನಿಗೆ ಗಾಳಿ ಬೆರೆಸಿ ಅದೇ ಪೈಪಿನಲ್ಲಿ ಬಿಟ್ಟರೆ ಮನೆಯ ಬರ್ನರ್ ಬದಲಿಸಬೇಕಿಲ್ಲ. ತಂತ್ರಜ್ಞಾನದ ಮಟ್ಟಿಗೆ ಜಾಣ ಉಪಾಯವೇ. ಆದರೆ ಪ್ರೊಪೇನ್ ಮೈನಸ್ 42 ಡಿಗ್ರಿಯಲ್ಲಿ ಕುದಿಯುವ ವಸ್ತು. ಅದಕ್ಕಿಂತ ಚಳಿ ಇದ್ದರೆ ಟ್ಯಾಂಕಿನೊಳಗೆ ದ್ರವವಾಗಿಯೇ ಕೂತಿರುತ್ತದೆ, ಅನಿಲವಾಗುವುದಿಲ್ಲ. ಅದನ್ನು ಅನಿಲ ಮಾಡಲು ಮೊದಲು ಬಿಸಿ ಮಾಡಬೇಕು. ಅಂದರೆ ಯಾವ ದಿನ ಬಿಸಿ ಅತಿ ಜಾಸ್ತಿ ಬೇಕೋ ಆ ದಿನವೇ ಆ ಇಂಧನ ಸುಮ್ನೆ ಬರಲು ಒಪ್ಪುವುದಿಲ್ಲ.

ಇನ್ನು ಸಾಗಣೆ. ಪ್ರೊಪೇನ್ ದಕ್ಷಿಣದಿಂದ ಲಾರಿಯಲ್ಲಿ ಬರಬೇಕು. ಕೊನೆಯ ಸುಮಾರು 740 ಕಿ.ಮೀ. ಡೆಂಪ್‌ಸ್ಟರ್ ಹೆದ್ದಾರಿ, ಅಷ್ಟೂ ಹೆಚ್ಚುಕಡಿಮೆ ಜಲ್ಲಿ ರಸ್ತೆ. ದಾರಿಯಲ್ಲಿ ಪೀಲ್, ಮೆಕೆಂಜಿ ಎರಡು ನದಿಗಳಿವೆ, ಎರಡಕ್ಕೂ ಸೇತುವೆಯಿಲ್ಲ. ಬೇಸಿಗೆಯಲ್ಲಿ ದೋಣಿ, ಚಳಿಗಾಲದಲ್ಲಿ ನದಿಯ ಮೇಲಿನ ಹಿಮವೇ ರಸ್ತೆ. ನೀರು ಹೆಪ್ಪುಗಟ್ಟುವ ವಾರಗಳಲ್ಲಿ ಮತ್ತು ಕರಗುವ ವಾರಗಳಲ್ಲಿ ಎರಡೂ ಇಲ್ಲ, ಲಾರಿ ಈಚೆ ದಡದಲ್ಲೇ ನಿಲ್ಲಬೇಕು. ಅಷ್ಟು ದಿನಕ್ಕೆ ಬೇಕಾದದ್ದನ್ನು ಮೊದಲೇ ತಂದು ತುಂಬಿಡಬೇಕು. ಈ ಲಾರಿ, ಟ್ಯಾಂಕು, ಬಿಸಿ ಮಾಡುವ ಯಂತ್ರ, ಡ್ರೈವರ್ ಸಂಬಳ ಎಲ್ಲದರ ಖರ್ಚು ಹೋಗಿ ಕೂತದ್ದು ಮನೆಮನೆಯ ಬಿಲ್ಲಿನಲ್ಲಿ.

ಇಲ್ಲಿ ನನ್ನ ಮುಖ್ಯ ತಕರಾರು. ಪೈಪ್‌ಲೈನ್ ನೋಡಿಕೊಳ್ಳುವ ಖರ್ಚು ಗಿರಾಕಿ ನೂರಿದ್ದರೂ ಅಷ್ಟೇ, ಸಾವಿರವಿದ್ದರೂ ಹೆಚ್ಚುಕಡಿಮೆ ಅಷ್ಟೇ. ದರ ಏರಿದಾಗ ಮೊದಲು ಹೊರಗೆ ಹೋಗುವವರು ಯಾರು? ಕೈಯಲ್ಲಿ ದುಡ್ಡಿರುವವರು, ದೊಡ್ಡ ಕಟ್ಟಡದವರು. ಅವರು ಡೀಸೆಲ್ ಬಾಯ್ಲರ್ ಹಾಕಿಸಿಕೊಳ್ಳುತ್ತಾರೆ, ಮರದ ಪುಡಿ ಒತ್ತಿ ಮಾಡಿದ ಪೆಲೆಟ್ ಉರಿಸುವ ಒಲೆ ತರಿಸುತ್ತಾರೆ. ಉಳಿಯುವವರು ಬಾಡಿಗೆಯವರು, ಪಿಂಚಣಿಯಲ್ಲಿ ಬದುಕುವ ಹಿರಿಯರು, ಹೊಸ ಯಂತ್ರಕ್ಕೆ ಸಾಲ ಸಿಗದವರು. ಹೋದವರ ಪಾಲಿನ ಖರ್ಚು ಉಳಿದವರ ತಲೆಗೆ. ದರ ಮತ್ತೆ ಏರುತ್ತದೆ, ಮತ್ತೆ ಕೆಲವರು ಹೋಗುತ್ತಾರೆ. ಊರು ದೊಡ್ಡದಾದರೆ ಈ ಏಟು ಹಂಚಿ ಹೋಗುತ್ತದೆ. ಮೂರು ಸಾವಿರ ಜನರ ಊರಲ್ಲಿ ಹಂಚಲು ಯಾರಿದ್ದಾರೆ? ಬಾವಿ ಎಷ್ಟು ವರ್ಷ ಬರುತ್ತದೆ ಅಂತ ಅಂದಾಜು ಹಾಕಿದವರು ಮನೆಯವರಲ್ಲ. ಅಂದಾಜು ತಪ್ಪಿದಾಗ ತಿಂಗಳು ತಿಂಗಳು ಅದರ ಬೆಲೆ ಕಟ್ಟಿದವರು ಮಾತ್ರ ಅವರೇ. ಇದು ನನಗೆ ಸರಿ ಕಾಣುವುದಿಲ್ಲ.

ನಾನಿರುವುದು ಎಡ್ಮಂಟನ್‌ನಲ್ಲಿ. ಇಲ್ಲೂ ಚಳಿ ಭಯಂಕರ, ಆದರೆ ಗ್ಯಾಸ್ ಇದೇ ಪ್ರಾಂತ್ಯದ್ದು, ಪೈಪಿನಲ್ಲಿ ಬರುತ್ತದೆ, ಬಿಲ್ ನೋಡಿ ಎದೆ ಒಡೆಯುವುದಿಲ್ಲ. ಹಾಸನದ ನನ್ನ ಗೆಳತಿಯೊಬ್ಬಳು ಕೆಲಸದ ಮೇಲೆ ಇನೂವಿಕ್‌ನಲ್ಲಿದ್ದಾಳೆ. ಚಳಿಗಾಲದಲ್ಲಿ ಅವಳ ಮನೆಗೆ ಹೋಗಿದ್ದೆ. ಬಾಗಿಲಿನ ಒಳಬದಿಯ ಸ್ಕ್ರೂಗಳ ತಲೆಯ ಮೇಲೆ, ಕೀಲಿನ ಮೇಲೆ, ಬಿಳಿ ಹಿಮ ಗಂಟುಗಂಟಾಗಿ ಕೂತಿತ್ತು. ಒಳಬದಿಯಲ್ಲಿ! ಹೊರಗಿನ ಚಳಿ ಆ ಕಬ್ಬಿಣದ ತುಂಡಿನ ಮೂಲಕ ಮನೆಯೊಳಗೆ ಬೆರಳು ತೂರಿಸಿತ್ತು. ಹಿಂದಿನ ಕೋಣೆಯನ್ನು ಅವಳು ಮುಚ್ಚೇಬಿಟ್ಟಿದ್ದಳು. ಬಾಗಿಲ ಸಂದಿಗೆ ಹಳೆಯ ಕಂಬಳಿ ತುರುಕಿದ್ದಳು. "ಆ ರೂಮಿಗೆ ಬಿಸಿ ಕೊಡೋಕೆ ನಂಗೆ ಆಗಲ್ಲ ಕಣೇ" ಅಂದಳು. ಅವಳಿಗೆ ಒಳ್ಳೆಯ ಸಂಬಳವಿದೆ.

ಪಕ್ಕದ ಮನೆಯಲ್ಲಿ ಗ್ವಿಚಿನ್ ಅಜ್ಜಿಯೊಬ್ಬರಿದ್ದಾರೆ. ಅವರು ಹಗಲೆಲ್ಲ ಅಡುಗೆಮನೆಯಲ್ಲೇ ಕೂರುತ್ತಾರೆ, ಉಳಿದ ಕಡೆ ಥರ್ಮೋಸ್ಟಾಟ್ ಇಳಿಸಿಟ್ಟಿರುತ್ತಾರೆ. ಮಾತಿಗೆ ಕೂತಾಗ ಬಿಲ್ಲಿನ ವಿಷಯ ಅವರಾಗಿ ಎತ್ತಲಿಲ್ಲ, ನಾನೇ ಕೇಳಿದೆ. ಚಿಕ್ಕವರಿದ್ದಾಗ ಕಾಡಿನ ಕ್ಯಾಬಿನ್ನಿನಲ್ಲಿ ಕಟ್ಟಿಗೆ ಒಲೆ ಇತ್ತಂತೆ. ಕಟ್ಟಿಗೆ ಖಾಲಿಯಾಗುತ್ತಾ ಬಂದರೆ ಕಣ್ಣಿಗೆ ಕಾಣುತ್ತಿತ್ತು, ಹೋಗಿ ಕಡಿದು ತರುತ್ತಿದ್ದೆವು, ಇದು ಎಷ್ಟು ಉರಿಯಿತು ಅಂತ ಗೊತ್ತಾಗುವುದು ಕಾಗದ ಬಂದ ಮೇಲೇ ಅಂದರು. ಹಿರಿಯರ ಮನೆ ಬಿಸಿಗೆ ಸರ್ಕಾರದ ಸಬ್ಸಿಡಿ ಇದೆ, ಅದು ಒಳ್ಳೆಯದೇ. ಆದರೂ ಅವರು ಒಂದು ಕೋಣೆಯಲ್ಲಿ ಚಳಿಗಾಲ ಕಳೆಯುತ್ತಿದ್ದಾರೆ.

ನನಗೆ ಅತಿ ಜಾಸ್ತಿ ಹೊಟ್ಟೆ ಉರಿಯುವುದು ಬೇರೆ ಕಾರಣಕ್ಕೆ. ಈ ಊರು ಗ್ಯಾಸ್ ಇಲ್ಲದ ಕಡೆ ಇಲ್ಲ. ಮೆಕೆಂಜಿ ನದಿಮುಖದ ಸುತ್ತಮುತ್ತ ನೆಲದಡಿ ದೊಡ್ಡ ದೊಡ್ಡ ಗ್ಯಾಸ್ ನಿಕ್ಷೇಪಗಳಿವೆ, 1970ರ ದಶಕದಿಂದಲೇ ಗೊತ್ತು. ಆಗ ಅದನ್ನು ದಕ್ಷಿಣಕ್ಕೆ ಒಯ್ಯುವ ಪೈಪ್‌ಲೈನಿನ ಮಾತು ಬಂತು. ಅದರ ವಿಚಾರಣೆಗೆ ಸರ್ಕಾರ ನೇಮಿಸಿದ ನ್ಯಾಯಮೂರ್ತಿ ಥಾಮಸ್ ಬರ್ಜರ್ ಹಳ್ಳಿ ಹಳ್ಳಿಗೆ ಹೋಗಿ ಜನರ ಮಾತು ಕೇಳಿದರು. ಮೊದಲು ಇಲ್ಲಿಯ ಜನರ ಭೂಮಿಯ ಹಕ್ಕು ತೀರ್ಮಾನವಾಗಲಿ, ಹತ್ತು ವರ್ಷ ಪೈಪ್‌ಲೈನ್ ಬೇಡ ಅಂತ 1977ರಲ್ಲಿ ವರದಿ ಕೊಟ್ಟರು. ಆ ಮಾತು ಸರಿಯಾಗಿತ್ತು ಅಂತಲೇ ನಾನು ನಂಬುತ್ತೇನೆ. 1984ರಲ್ಲಿ ಇನುವಿಯಾಲುಯಿಟ್ ಜನರ ಭೂ ಒಪ್ಪಂದವಾಯಿತು. ಆಮೇಲೆ ಮತ್ತೆ ಸುಮಾರು 1,200 ಕಿ.ಮೀ. ಪೈಪ್‌ಲೈನಿನ ಹೊಸ ಯೋಜನೆ ಎದ್ದಿತು. ವರ್ಷಗಟ್ಟಲೆ ವಿಚಾರಣೆ ನಡೆದು ಅನುಮತಿಯೂ ಸಿಕ್ಕಿತು. ಅಷ್ಟರಲ್ಲಿ ದಕ್ಷಿಣದಲ್ಲಿ ಶೇಲ್ ಗ್ಯಾಸ್, ಅಂದರೆ ಬಂಡೆಯ ಪದರ ಒಡೆದು ತೆಗೆಯುವ ಗ್ಯಾಸ್, ಹೇರಳವಾಗಿ ಸಿಕ್ಕಿ ಬೆಲೆ ಬಿದ್ದುಹೋಯಿತು. 2017ರಲ್ಲಿ ಕಂಪನಿಗಳು ಯೋಜನೆಯನ್ನೇ ಕೈಬಿಟ್ಟವು. ದಶಕಗಳ ಆ ದೊಡ್ಡ ಮಾತುಕತೆಯಲ್ಲಿ ಲೆಕ್ಕ ಹಾಕಿದ್ದೆಲ್ಲ ಸಾವಿರಾರು ಕಿ.ಮೀ. ಆಚೆಯ ಮಾರುಕಟ್ಟೆಗೆ. ಗ್ಯಾಸಿನ ಮೇಲೆಯೇ ಮನೆ ಕಟ್ಟಿಕೊಂಡ ಈ ಊರುಗಳ ಒಲೆ ಯಾರ ನಕ್ಷೆಯ ಮಧ್ಯದಲ್ಲೂ ಇರಲಿಲ್ಲ.

ಇನೂವಿಕ್ ಒಂದೇ ಅಲ್ಲ. ಅದೇ ನದಿಯ ಮೇಲ್ಭಾಗದಲ್ಲಿ ನಾರ್ಮನ್ ವೆಲ್ಸ್ ಇದೆ. ಊರಿನ ಹೆಸರಲ್ಲೇ ಎಣ್ಣೆಬಾವಿ. 1985ರಿಂದ ಅಲ್ಲಿಯ ಕಚ್ಚಾ ತೈಲ ಪೈಪಿನಲ್ಲಿ ಆಲ್ಬರ್ಟಾಕ್ಕೆ ಬರುತ್ತಿತ್ತು. ಊರಿನ ಮನೆಗಳಿಗೂ ಅಲ್ಲಿಯದೇ ಗ್ಯಾಸ್ ಇತ್ತು. ಆ ಪೂರೈಕೆ ನಿಂತ ಮೇಲೆ ಜನ ಬೇರೆ ಇಂಧನಕ್ಕೆ ಬದಲಾಗಬೇಕಾಯಿತು. ಊರಿಗೆ ಸರ್ವಋತು ರಸ್ತೆಯಿಲ್ಲ, ಬೇಸಿಗೆಯಲ್ಲಿ ಸರಕು ಹೊತ್ತ ನದಿಯ ಬಾರ್ಜ್ ಬರಬೇಕು. 2024ರಲ್ಲಿ ಮೆಕೆಂಜಿಯಲ್ಲಿ ನೀರು ತೀರಾ ಇಳಿದು ಬಾರ್ಜ್ ಬರಲೇ ಇಲ್ಲ. ಮನೆ ಬಿಸಿ ಮಾಡುವ ಎಣ್ಣೆಯನ್ನು ವಿಮಾನದಲ್ಲಿ ತರಬೇಕಾಯಿತು, ಬೆಲೆ ಮುಗಿಲಿಗೇರಿತು. ಎಣ್ಣೆಯ ಊರಿಗೆ ಆಕಾಶದಿಂದ ಎಣ್ಣೆ!

"ಹಾಗಾದರೆ ಅಲ್ಲಿ ಯಾಕಿರಬೇಕು, ದಕ್ಷಿಣಕ್ಕೆ ಬಂದುಬಿಡಬಹುದಲ್ವಾ" ಅಂತ ನಮ್ಮವರೇ ಕೆಲವರು ನನಗೆ ಹೇಳಿದ್ದಾರೆ. ಈ ಮಾತು ಕೇಳಿದರೆ ನನಗೆ ನೋವಾಗುತ್ತದೆ. ಆ ಜನ ಅಲ್ಲಿಗೆ ವಲಸೆ ಬಂದವರಲ್ಲ, ವಲಸೆ ಬಂದವರು ನಾವು. ಇನೂವಿಕ್ ಎಂಬ ಊರನ್ನು ಕಟ್ಟಿದ್ದು ಕೆನಡಾ ಸರ್ಕಾರ. 1950ರ ದಶಕದಲ್ಲಿ, ಹತ್ತಿರದ ಅಕ್ಲಾವಿಕ್ ಊರು ಪದೇ ಪದೇ ನೆರೆಗೆ ಸಿಗುತ್ತದೆ, ಅಲ್ಲಿ ಊರು ಬೆಳೆಸಲು ಜಾಗವಿಲ್ಲ ಅಂತ ಹೇಳಿ ಆಡಳಿತ ಕೇಂದ್ರವಾಗಿ ಇದನ್ನು ಎಬ್ಬಿಸಿತು. ಅಕ್ಲಾವಿಕ್‌ನ ಎಷ್ಟೋ ಜನ ಊರು ಬಿಡಲು ಒಪ್ಪಲಿಲ್ಲ, ಆ ಊರು ಇಂದಿಗೂ ಇದೆ. ಕಚೇರಿ, ಶಾಲೆ, ಆಸ್ಪತ್ರೆ ಎಲ್ಲ ಇಲ್ಲಿಗೆ ತಂದು ಜನರನ್ನು ಕರೆದವರು ಚಳಿಯ ಹೊಣೆಯನ್ನೂ ಹೊರಬೇಕು.

ಕರೆಂಟ್ ಹೀಟರ್ ಹಾಕಿಕೊಳ್ಳಿ ಅನ್ನುವುದು ಇನ್ನೊಂದು ಸಲಹೆ. ಅಲ್ಲಿಯ ಕರೆಂಟು ಬಹುಪಾಲು ಡೀಸೆಲ್ ಮತ್ತು ಲಾರಿಯಲ್ಲಿ ಬರುವ ಎಲ್‌ಎನ್‌ಜಿ (ಅತಿ ತಣ್ಣಗೆ ಮಾಡಿ ದ್ರವವಾಗಿಸಿದ ನ್ಯಾಚುರಲ್ ಗ್ಯಾಸ್) ಇವುಗಳಿಂದಲೇ ಹುಟ್ಟುವುದು. ಅದರಿಂದ ಮನೆ ಕಾಯಿಸಿದರೆ ಬಿಲ್ ಇನ್ನೂ ಕೆಟ್ಟದು. 2023ರಲ್ಲಿ ಊರ ಬಳಿ 3.5 ಮೆಗಾವಾಟಿನ ದೊಡ್ಡ ಗಾಳಿಯಂತ್ರವೊಂದು ಶುರುವಾಯಿತು. ನನಗೆ ಅದರ ಬಗ್ಗೆ ಖುಷಿಯಿದೆ, ಇನ್ನಷ್ಟು ಬರಲಿ. ಅದು ಕರೆಂಟಿನ ಡೀಸೆಲ್ ಉಳಿಸುತ್ತದೆ, ಫರ್ನೆಸ್‌ಗೆ ಹೋಗುವ ಗ್ಯಾಸನ್ನಲ್ಲ.

ಈಗ ಆಸೆ ಇರುವುದು ಇನೂವಿಕ್‌ನ ಉತ್ತರಕ್ಕೆ, ಸಮುದ್ರದಂಚಿನ ಟಕ್ಟೊಯಾಕ್ಟಕ್ ಊರಿನ ಹತ್ತಿರದ ಎಂ-18 ಎಂಬ ಗ್ಯಾಸ್ ಬಾವಿಯ ಮೇಲೆ. ಕೊರೆದದ್ದು 2002ರಲ್ಲಿ. ಸಾಗಿಸಲು ದಾರಿಯಿಲ್ಲದೆ ಹಾಗೇ ಮುಚ್ಚಿಟ್ಟಿದ್ದರು. 2017ರಲ್ಲಿ ಇನೂವಿಕ್‌ನಿಂದ ಅಲ್ಲಿಗೆ ರಸ್ತೆಯಾಯಿತು. ಅಲ್ಲೇ ಗ್ಯಾಸ್ ತೆಗೆದು, ಎಲ್‌ಎನ್‌ಜಿ ಮಾಡಿ, ಆ ರಸ್ತೆಯಲ್ಲಿ ಊರಿಗೆ ತರುವ ಯೋಜನೆಯನ್ನು ಇನುವಿಯಾಲುಯಿಟ್ ಜನರ ಕಂಪನಿಯೇ ಮುಂದಿಟ್ಟಿದೆ. ಹವಾಮಾನ ಕೆಡುವುದರ ಬಿಸಿ ಮೊದಲು ತಟ್ಟುತ್ತಿರುವುದು ಆರ್ಕ್ಟಿಕ್‌ಗೆ, ಅಲ್ಲೇ ಮತ್ತೆ ಗ್ಯಾಸ್ ತೆಗೆಯಬೇಕೇ ಅಂತ ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಆದರೆ ಊರು ಇವತ್ತೂ ಇಂಧನ ಸುಡುತ್ತಿದೆ, ಅದನ್ನು ತರಲು ಮತ್ತೆ ಸಾವಿರಾರು ಕಿ.ಮೀ. ಡೀಸೆಲ್ ಸುಡುತ್ತಿದೆ. ಹತ್ತಿರದ ಗ್ಯಾಸ್ ಬಳಸುತ್ತಲೇ ಮನೆಗಳ ಗೋಡೆ, ಕಿಟಕಿ, ಬಾಗಿಲು ಭದ್ರ ಮಾಡುವ ಕೆಲಸ ಸರ್ಕಾರದ ದುಡ್ಡಲ್ಲಿ ಆಗಲಿ. ಬಾಡಿಗೆಯವರ ಮನೆಗೂ ಆಗಲಿ.

ಒಂದು ಕೆಲಸ ಮಾತ್ರ ಗ್ಯಾಸ್ ಬರುವುದಕ್ಕೆ ಮುಂಚೆಯೇ ಆಗಬೇಕು. ಈ ಬಾವಿಯೂ ಬೇಗ ಸೋತರೆ ಖರ್ಚು ಯಾರದ್ದು, ಮನೆಯ ದರ ಎಲ್ಲಿಯವರೆಗೆ ಏರಬಹುದು, ಅದಕ್ಕಿಂತ ಮೇಲಿನದನ್ನು ಯಾರು ತುಂಬುತ್ತಾರೆ ಅನ್ನುವುದನ್ನು ಈಗಲೇ ಕಾಗದದ ಮೇಲೆ ಬರೆದು ಊರಿನವರ ಕೈಗೆ ಕೊಡಬೇಕು. ಸಾರ್ವಜನಿಕರ ದುಡ್ಡು ಹಾಕುವ ಒಟ್ಟಾವಾ ಸರ್ಕಾರ ಈ ಷರತ್ತು ಹಾಕಬಹುದು. ಕೆನಡಾದಲ್ಲಿ ಮತ ಹಾಕುವ ಕನ್ನಡಿಗರು ಇಲ್ಲಿ ಬಹಳ ಜನ ಇದ್ದೀರಿ. ನಿಮ್ಮ ಸಂಸದರಿಗೆ ಒಂದು ಇಮೇಲ್ ಬರೆದು ಇದನ್ನು ಕೇಳಿ. ನಾನು ನನ್ನ ಸಂಸದರಿಗೆ ಬರೆದಿದ್ದೇನೆ. ಅದರ ಪ್ರತಿ ಬೇಕಾದವರು ಇನ್‌ಬಾಕ್ಸ್‌ಗೆ ಬನ್ನಿ, ಕಳಿಸುತ್ತೇನೆ.