ಗಣೆಯ ಉಸಿರು ಇವರಿಗೆ ಗಾಳಿ ಸದ್ದಂತೆ

ಹೊಟ್ಟೆ ಉರಿಯುತ್ತಿದೆ. ಇದನ್ನು ಬರೆಯದೆ ಇಂದು ನಿದ್ದೆ ಹತ್ತುವುದಿಲ್ಲ.

ಶಿರಾ ಕಡೆಯ ಒಂದು ಗೊಲ್ಲರ ಹಟ್ಟಿಯಲ್ಲಿ ಎರಡು ರಾತ್ರಿ ಕುಳಿತು ಜುಂಜಪ್ಪನ ಕಾವ್ಯವನ್ನು ಧ್ವನಿಮುದ್ರಿಸಿದ್ದೆ. ಒಟ್ಟು ಏಳು ಗಂಟೆ. ಕಾಡುಗೊಲ್ಲರು ದೈವವೆಂದು ಪೂಜಿಸುವ ವೀರ ಈ ಜುಂಜಪ್ಪ; ಅವನ ಕಾವ್ಯಕ್ಕೆ ಗಣೆ ಬೇಕೇ ಬೇಕು. ಉದ್ದನೆಯ ಬಿದಿರಿನ ಕೊಳಲು ಅದು. ಆ ಹಟ್ಟಿಯಲ್ಲಿ ಗಣೆ ನುಡಿಸುವ ಅಜ್ಜ ಊದಿದರೆ ನಾದಕ್ಕಿಂತ ಮೊದಲು 'ಹುಸ್ಸ್' ಎಂದು ಉಸಿರು ಬರುತ್ತದೆ, ಅದರ ಹಿಂದೆಯೇ ದನಿ ಏಳುತ್ತದೆ. ಆ ಉಸಿರು ಸಿಗಲಿ ಎಂದೇ 96 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಹಿಡಿದಿದ್ದೆ. ಗಂಟೆಗೆ ಸುಮಾರು 2 ಜಿಬಿ.

ತುಮಕೂರಿನಲ್ಲಿ ಅದನ್ನು ಯಾರ ಸಂಗ್ರಹಕ್ಕೆ ಒಪ್ಪಿಸಿದೆನೋ, ಹೆಸರು ಬೇಡ, ಅವರು ಡಿಸ್ಕ್ ತುಂಬಿತೆಂದು 14 ಜಿಬಿಯನ್ನು 400 ಎಂಬಿಯ ಎಂಪಿ3 ಮಾಡಿ, ಮೂಲವನ್ನು ಅಳಿಸಿಬಿಟ್ಟಿದ್ದಾರೆ. ಕಂಪ್ಯೂಟರ್ ನೋಡಿಕೊಳ್ಳುವ ಹುಡುಗ ಹೆಮ್ಮೆಯಿಂದಲೇ ಹೇಳಿದ: "ಸಾರ್, ಕ್ಲೀನ್ ಕೂಡ ಮಾಡಿದ್ದೇನೆ. ಹಿಂದೆ ಗಾಳಿ ಸದ್ದು ಬಹಳ ಇತ್ತು."

ಗಾಳಿ ಸದ್ದಂತೆ! ಅದು ಗಣೆಯಪ್ಪಾ!

ಯಾರು ಹಾಡಿದ್ದು, ಯಾವ ಹಟ್ಟಿ, ಯಾವ ರಾತ್ರಿ ಎಂದು ಒಂದೊಂದು ಕಡತಕ್ಕೂ ಹೆಸರಿಟ್ಟಿದ್ದೆ. ಈಗ ಅದು 'ಜಾನಪದ ಫೈನಲ್ 2'. ಹಿರಿಯ ಅಧಿಕಾರಿಯ ಬಳಿ ಹೋದರೆ, "ಹಾಡು ಕೇಳಿಸುತ್ತದಲ್ಲ, ಇನ್ನೇನು?" ಎಂದರು. ರಾಜ್ಯೋತ್ಸವಕ್ಕೆ ಎರಡು ನಿಮಿಷದ ತುಣುಕು ಬೇಕಂತೆ. "ಹಿನ್ನೆಲೆಗೆ ಸ್ವಲ್ಪ ಕೊಳಲು ಸೇರಿಸಿದರೆ ಚೆನ್ನಾಗಿರುತ್ತದೆ" ಎಂಬ ಸಲಹೆ ಬೇರೆ. ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು.

ನಿಮ್ಮ ಬಳಿ ಪ್ರತಿ ಇಲ್ಲವೇ ಎನ್ನುತ್ತೀರಿ. ಮೊದಲ ರಾತ್ರಿಯದು ಇದೆ. ಎರಡನೆಯ ರಾತ್ರಿಯದನ್ನು ಅಲ್ಲಿಗೆ ಇಳಿಸಿದವನೇ ಮುಂದಿನ ಕೆಲಸಕ್ಕೆಂದು ಕಾರ್ಡನ್ನು ಖಾಲಿ ಮಾಡಿದೆ. ಮೂರು ಪ್ರತಿ ಇರಬೇಕು, ಒಂದು ಬೇರೆ ಊರಿನಲ್ಲಿರಬೇಕು ಎಂದು ಹುಡುಗರಿಗೆ ಪಾಠ ಹೇಳುವ ಬಾಯಿ ಇದೇ. ಅದಕ್ಕೆ ನನಗೂ ನಾಲ್ಕು ಬಿಡಬೇಕು.

ಕಳೆದ ಭಾನುವಾರ ಮತ್ತೆ ಹಟ್ಟಿಗೆ ಹೋಗಿದ್ದೆ. "ಅದಕ್ಕೇನು ಸ್ವಾಮಿ, ಇನ್ನೊಮ್ಮೆ ಊದಿದರಾಯಿತು" ಎಂದು ಅಜ್ಜ ಮೂಲೆಯಲ್ಲಿದ್ದ ಗಣೆಯನ್ನು ತಂದು, ಪಂಚೆಯ ಅಂಚಿನಿಂದ ಒರೆಸಿದರು. ಯುಗಾದಿಯಾದ ಮೇಲೆ ಅವರ ಮುಂದಿನ ಎರಡು ಹಲ್ಲುಗಳು ಬಿದ್ದಿವೆ. ಮೂರು ಸಲ ಊದಿದರು. ಬಂದದ್ದು ಬರೀ ಗಾಳಿ. ನಾನು ಯಂತ್ರ ನಿಲ್ಲಿಸಲಿಲ್ಲ.