ಕುಂಡೆಕುಸ್ಕನ ಕಾಟ

ಲಾಲ್‌ಬಾಗಿಗೆ ನವರಂಗ ಬಂದಿದೆ ಅಂತ ಶನಿವಾರ ರಾತ್ರಿ ವಾಟ್ಸಾಪಿನಲ್ಲಿ ಸುದ್ದಿ ಬಂತು. ಜೊತೆಗೆ ಫೋಟೊ ಬೇರೆ. ಹಸಿರು ಬೆನ್ನು, ಕಣ್ಣಿಗೆ ಕಪ್ಪು ಪಟ್ಟಿ, ಬಾಲದ ಕೆಳಗೆ ಕುಂಕುಮ ಚೆಲ್ಲಿದ ಹಾಗೆ ಕೆಂಪು. ಚಳಿಗಾಲಕ್ಕೆ ಹಿಮಾಲಯದ ತಪ್ಪಲಿನಿಂದೆಲ್ಲ ದಕ್ಷಿಣಕ್ಕೆ ಬರುವ ಹಕ್ಕಿ ಇದು. ಅದು ಅಷ್ಟು ದೂರದಿಂದ ಬಂದಿರುವಾಗ ನಾನು ಬನಶಂಕರಿಯಿಂದ ಹೋಗದಿದ್ದರೆ ಹೇಗೆ?

ತೊಂದರೆ ಅಂದರೆ ಮನೆಯಲ್ಲಿ ಮಾವ ಇದ್ದರು. ಅಮ್ಮನ ತಮ್ಮ, ತೀರ್ಥಹಳ್ಳಿ ಕಡೆ ಅಡಿಕೆ ತೋಟ. "ನಾನೂ ಬರ್ತೆ ಮಾರಾಯ" ಎಂದರು. ತೋಟದ ಈ ತುದಿಯಿಂದ ಆ ತುದಿಯ ಆಳನ್ನು ಕರೆದು ಪಳಗಿದ ಗಂಟಲು ಅವರದು. ಹಕ್ಕಿ ನೋಡೋಕೆ ಹೊರಟವರ ಜೊತೆ ಇರಬಾರದ ಗಂಟಲು.

ಆರೂವರೆಗೆ ಕೆರೆ ಹತ್ತಿರ ಇದ್ದೆವು. ನೀರಿನಂಚಿನ ಕಲ್ಲಿನ ಮೇಲೆ ಹಳದಿ ಹೊಟ್ಟೆಯ ಸಣ್ಣ ಹಕ್ಕಿ, ಬಾಲ ಒಂದು ಕ್ಷಣವೂ ಸುಮ್ಮನಿಲ್ಲ. "ಮಾವ, ಬೂದು ಸಿಪಿಲೆ! ಇದೂ ಹಿಮಾಲಯದ್ದೇ" ಎಂದು ಪಿಸುಗುಟ್ಟಿ ದುರ್ಬೀನು ಎತ್ತಿದೆ.

"ಎಂಥ ಸಿಪಿಲೆ? ಕುಂಡೆಕುಸ್ಕ ಅಲ್ವನಾ ಇದು! ನೋಡು ನೋಡು, ಹಿಂದ್ಗಡೆ ಹೆಂಗೆ ಕುಣಿಸ್ತದೆ!"

ಸರಿಯಾಗಿ ಅದೇ ಹೊತ್ತಿಗೆ ನಮಗೂ ಹಕ್ಕಿಗೂ ನಡುವೆ ಯಜಮಾನರೊಬ್ಬರು ಬಿರುನಡಿಗೆಯಲ್ಲಿ ದಾಟುತ್ತಿದ್ದರು. ಹಳದಿ ಟೀ ಶರ್ಟು. ಸೊಂಟ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸುವ ನಡಿಗೆ. ಅವರು ನಿಂತರು. ನನ್ನ ದುರ್ಬೀನು ಎತ್ತ ತಿರುಗಿದೆ ಅಂತ ನೋಡಿದರು.

"ಯಾರಿಗ್ರೀ ಹೇಳಿದ್ದು?"

"ಹಕ್ಕಿಗೆ ಸಾರ್."

"ಎಲ್ಲಿದೆ ಹಕ್ಕಿ?"

ಹಾರಿಹೋಗಿತ್ತು. ನಾನು ಬಾಯಿ ಬಿಡುವ ಮೊದಲೇ ಮಾವ ಸಮಾಧಾನ ಹೇಳಿದರು: "ಸುಳ್ಳಲ್ಲ ಸಾರ್, ನಿಮ್ಮ ಹಿಂದೇನೇ ಇತ್ತು."

ಆಮೇಲೆ ಆ ಮನುಷ್ಯ ನಡೆದದ್ದು ಸೊಂಟಕ್ಕೆ ಪ್ಲಾಸ್ಟರ್ ಹಾಕಿಸಿಕೊಂಡವರ ಹಾಗೆ. ಪಾಪ.

ನಾವು ಬಿದಿರು ಮೆಳೆ ಕಡೆ ಹೋದೆವು. ಹೈದರಾಲಿ 1760ರಲ್ಲಿ ಶುರು ಮಾಡಿದ ತೋಟ ಈಗ 240 ಎಕರೆ. ಅದರಲ್ಲಿ ಮೈನಾಗಿಂತ ಚಿಕ್ಕ ಹಕ್ಕಿಯನ್ನು ಹುಡುಕಬೇಕು. ಮರ ನೋಡಿ ಪ್ರಯೋಜನ ಇಲ್ಲ. ನವರಂಗ ಜಾಸ್ತಿ ಹೊತ್ತು ನೆಲದ ಮೇಲೆಯೇ ಇರುತ್ತದೆ, ತರಗೆಲೆ ಮಗುಚಿ ಹುಳ ಹೆಕ್ಕುತ್ತದೆ. ನಾನು ಉಸಿರು ಬಿಗಿಹಿಡಿದು ಕೂತೆ. ಮುಕ್ಕಾಲು ಗಂಟೆ ಆದ ಮೇಲೆ ಎಲೆಗಳ ನಡುವೆ ಹಸಿರು, ಹಳದಿ, ಒಂಚೂರು ಕೆಂಪು! ಹನ್ನೊಂದು ಫೋಟೊ ತೆಗೆದೆ. ಗಾಳಿ ಬೀಸಿತು. ನವರಂಗ ಮಗುಚಿಕೊಂಡಿತು. ಒಳಗಡೆ ಬೆಳ್ಳಿ ಬಣ್ಣ. ಚಿಪ್ಸ್ ಪೊಟ್ಟಣ.

ಬೆಂಚಿನ ಮೇಲಿದ್ದ ಮಾವ, "ಅಷ್ಟಕ್ಕೂ ಯಾವ ಹಕ್ಕಿ ಅದು?" ಎಂದರು. ಮೊಬೈಲಿನಲ್ಲಿದ್ದ ಫೋಟೊ ತೋರಿಸಿದೆ.

"ಇದಾ? ನಮ್ಮ ಬಚ್ಚಲ ಹಿಂದೆ ಬೆಳಿಗ್ಗೆ ಸಂಜೆ ಸೀಟಿ ಹೊಡೀತದಲ್ಲ! ಹೋದ ವರ್ಷ ಬೆಕ್ಕಿನ ಬಾಯಿಂದ ಬಿಡಿಸಿದ್ದೆ."

"ಮೊದಲೇ ಹೇಳಬಾರದಿತ್ತಾ ಮಾವ?"

"ನೀನೆಲ್ಲಿ ಕೇಳಿದ್ದೆ? ಪ್ರತಿ ವರ್ಷ ದೀಪಾವಳಿಗೆ ಬಾ ಅಂತ ಕರೀತಾನೇ ಇದೀನಿ. ಬಂದಿದ್ಯಾ?"

ಉತ್ತರ ಹುಡುಕುತ್ತಿದ್ದಾಗ ಮೆಳೆಯೊಳಗಿಂದ ಸೀಟಿ ಕೇಳಿತು. ಎರಡೇ ಸ್ವರ, ಸ್ಪಷ್ಟವಾಗಿ. ನವರಂಗವೇ! ದುರ್ಬೀನು ಕಣ್ಣಿಗೆ ಏರಿಸಿದೆ. ಪೂರ್ತಿ ಹಳದಿ ಕಂಡಿತು. ಇಷ್ಟೊಂದು ಹಳದಿ ಇರಬಾರದಲ್ಲ ಅಂತ ಕೆಳಗಿಳಿಸಿದರೆ, ಎದುರಿಗೆ ಅದೇ ಟೀ ಶರ್ಟು. ಇನ್ನೊಂದು ಸುತ್ತು ಮುಗಿಸಿ ಬಂದಿದ್ದರು.

"ಈಗ ಯಾವ ಹಕ್ಕಿರೀ?"

"ನವರಂಗ ಸಾರ್. ಸ್ವಲ್ಪ ಪಕ್ಕಕ್ಕೆ..."

ಅವರು ಪಕ್ಕಕ್ಕೆ ಸರಿಯಲಿಲ್ಲ. ಮೊಣಕಾಲ ಮೇಲೆ ಕೈಯೂರಿ, ಬಗ್ಗಿ, ಮೆಳೆಯೊಳಗೆ ಇಣುಕಿದರು. "ಅರೆ! ಹಸಿರು, ನೀಲಿ, ಕೆಂಪು... ಏನು ಚೆಂದ ಇದೆರೀ! ಇಲ್ಲೇ ಎರಡಡಿ ದೂರದಲ್ಲಿ ಇದೆ!" ಎಂದರು. ನನಗೆ ಕಾಣುತ್ತಿದ್ದದ್ದು ಅವರ ಟ್ರ್ಯಾಕ್ ಪ್ಯಾಂಟಿನ ಹಿಂಭಾಗ ಮಾತ್ರ.

ಅಷ್ಟರಲ್ಲಿ ಅವರು ಏನೋ ನೆನಪಾದವರಂತೆ ಮಾವನ ಕಡೆ ತಿರುಗಿದರು. "ಇದು ಕುಣಿಸಲ್ಲ ತಾನೇ?"

"ಕುಣಿಸ್ತದೆ ಸಾರ್" ಎಂದರು ಮಾವ. "ಆದ್ರೆ ನಿಧಾನ."