ತಲೆಗೆ 150 ಪದ

ಅಂಕಣ 300 ಪದ ದಾಟಬಾರದು ಎಂದು ಸಂಪಾದಕರು ತಾಕೀತು ಮಾಡಿದ್ದಾರೆ. ಪುಣೆಯಲ್ಲಿ ಕೂತು ಬರೆಯುವವನಿಗೆ ಆ ಸಂಖ್ಯೆ ಕೇಳಿದರೇ ಮೈ ಜುಂ ಅನ್ನುತ್ತದೆ. ನಾನು ಯಾರ ಮೇಲೂ ಗಾಡಿ ಹಾಯಿಸಿಲ್ಲ, ದೇವರಾಣೆ.

2024ರ ಮೇ 19ರ ನಸುಕಿನಲ್ಲಿ ಕಲ್ಯಾಣಿನಗರದಲ್ಲಿ 17 ವರ್ಷದ ಹುಡುಗ ಓಡಿಸುತ್ತಿದ್ದ ಎನ್ನಲಾದ ಪೋರ್ಷೆ ಕಾರು ಬೈಕಿಗೆ ಗುದ್ದಿ ಇಬ್ಬರು ಇಂಜಿನಿಯರ್‌ಗಳು ಸತ್ತರು. ಅದಕ್ಕೂ ಮುಂಚೆ ಪಬ್ಬಿನಲ್ಲಿ ಒಂದೂವರೆ ಗಂಟೆಗೆ 48,000 ರೂಪಾಯಿ ಬಿಲ್ ಆಗಿತ್ತು ಅಂದರು ಪೊಲೀಸರು. ಕಾರಿಗೆ ನಂಬರ್ ಪ್ಲೇಟೇ ಇರಲಿಲ್ಲ. ನೋಂದಣಿಯ 1,758 ರೂಪಾಯಿ ಕಟ್ಟುವುದು ಬಾಕಿ ಇತ್ತಂತೆ. ಪಾಪ, ಚಿಲ್ಲರೆ ಸಿಕ್ಕಿರಲಿಕ್ಕಿಲ್ಲ.

ಕೆಲವೇ ಗಂಟೆಗಳಲ್ಲಿ ಬಾಲನ್ಯಾಯ ಮಂಡಳಿಯಿಂದ ಜಾಮೀನು ಸಿಕ್ಕಿತು. ಷರತ್ತುಗಳಲ್ಲೊಂದು, ರಸ್ತೆ ಅಪಘಾತದ ಬಗ್ಗೆ 300 ಪದಗಳ ಪ್ರಬಂಧ. ಅದು ಶಿಕ್ಷೆ ಅಲ್ಲ, ಬರೀ ಷರತ್ತು ಎಂದು ವಕೀಲ ಮಿತ್ರರು ನನ್ನನ್ನು ತಿದ್ದುತ್ತಾರೆ. ಒಪ್ಪಿದೆ. ಊರು ರೊಚ್ಚಿಗೆದ್ದ ಮೇಲೆ ಆದೇಶ ಬದಲಾಯಿತು, ಅದೂ ಸರಿ. ಆದರೂ ಸುಮ್ನೆ ಭಾಗಿಸಿ ನೋಡಿದೆ. ತಲೆಗೆ 150 ಪದ ಬಂತು.

ಮುಂಬೈಯಲ್ಲಿ ಲೆಕ್ಕ ದಿನಗಳಲ್ಲಿ. 2006ರಲ್ಲಿ ಕಾರ್ಟರ್ ರಸ್ತೆಯ ಫುಟ್‌ಪಾತಿನಲ್ಲಿ ಮಲಗಿದ್ದ ಏಳು ಕೂಲಿಕಾರರು ಕಾರಿನಡಿ ಸಿಕ್ಕಿ ಸತ್ತರು. ಕೆಳಗಿನ ಕೋರ್ಟು ಚಾಲಕನಿಗೆ ಕೊಟ್ಟಿದ್ದು 6 ತಿಂಗಳು, ಜೊತೆಗೆ ದಂಡ. ಅಂದರೆ ತಲೆಗೆ ಹತ್ತಿರ ಹತ್ತಿರ 26 ದಿನ. ಹೈಕೋರ್ಟು ಅದನ್ನು 3 ವರ್ಷಕ್ಕೆ ಏರಿಸಿತು. 2012ರಲ್ಲಿ ಸುಪ್ರೀಂ ಕೋರ್ಟು ಅಷ್ಟನ್ನೇ ಉಳಿಸಿತು.

ಇನ್ನು ನಮ್ಮ ಬಸಣ್ಣ. ವಿಜಯಪುರದ ಕಡೆಯವನು, ಮಾರ್ಕೆಟ್ ಯಾರ್ಡಿಗೆ ಈರುಳ್ಳಿ ಟೆಂಪೊ ಹೊಡೆಯುತ್ತಾನೆ. ಒಂದು ರಾತ್ರಿ ನಾಕಾಬಂದಿಯಲ್ಲಿ ಊದಿಸಿದರು. 100 ಮಿಲಿ ರಕ್ತದಲ್ಲಿ ಆಲ್ಕೋಹಾಲ್ 30 ಮಿಲಿಗ್ರಾಂ ದಾಟಿದರೆ ಕೇಸು. ಬಸಣ್ಣ ಊದಿದ ರಭಸಕ್ಕೆ ಯಂತ್ರವೇ ತೂರಾಡಿತು. ಯಾರಿಗೂ ಗುದ್ದಿರಲಿಲ್ಲ, ಆದರೂ ತಪ್ಪು ತಪ್ಪೇ ಅಲ್ವಾ? 6 ತಿಂಗಳವರೆಗೆ ಜೈಲೂ ಆಗಬಹುದಿತ್ತು. 10,000 ದಂಡಕ್ಕೆ ಮುಗಿಯಿತು. ಮೊದಲ ಸಲಕ್ಕೆ ಕಾಯ್ದೆಯಲ್ಲಿ ಅದಕ್ಕಿಂತ ಜಾಸ್ತಿ ದಂಡವಿಲ್ಲ, ಟೆಂಪೊಗೂ ಅಷ್ಟೇ, ಪೋರ್ಷೆಗೂ ಅಷ್ಟೇ. ಎಂಥ ಸಮಾನತೆ! ಆ ಪಬ್ಬಿನ ಬಿಲ್ಲಿನಲ್ಲಿ ಅದು ಐದರಲ್ಲೊಂದು ಪಾಲು. ಬಸಣ್ಣನ ಮನೆಯಲ್ಲಿ ಹೆಂಡತಿಯ ಕಿವಿಯೋಲೆ.

ದಂಡ ಕಟ್ಟಿದವನೇ ಸೀದಾ ನನ್ನ ಹತ್ತಿರ ಬಂದ.

"ಸರ, ನೀವು ಬರಿಯೋ ಮಂದಿ. ನನಗೂ ಒಂದು ಪ್ರಬಂಧ ಬರ್ದು ಕೊಡ್ರಿ. ಮುಂದಿನ ಸಲ ಹಿಡದ್ರ ಅದನ್ನ ಕೊಡ್ತೀನಿ."

"ಮುಂದಿನ ಸಲ 15,000 ಕಣೋ. ಎರಡು ವರ್ಷದವರೆಗೆ ಜೈಲು ಬೇರೆ. ಬೇಕಿದ್ದರೆ ನೀನೇ ಬರಿ."

ಜೇಬಿನಿಂದ ತೂಕದ ಚೀಟಿ ತೆಗೆದ. ಅದರ ಹಿಂಬದಿಯಲ್ಲಿ, ನಾಲಿಗೆ ಹೊರಗಿಟ್ಟುಕೊಂಡು, ಏಳನೇ ಕ್ಲಾಸಿನ ಅಕ್ಷರದಲ್ಲಿ ಬರೆದ: "ಕುಡದು ಗಾಡಿ ಹೊಡೀಬಾರದು."

ಬೆರಳು ಮಡಚಿ ಎಣಿಸಿದ. ತಲೆ ಕೆರೆದುಕೊಂಡ.

"ಮೂರಾತು ಸರ. ಇನ್ನ ಎರಡನೂರಾ ತೊಂಬತ್ತೇಳು ಏನ್ ಬರೀಬೇಕ್ರಿ?"